ಗುಟ್ಟು ಎಲ್ಲಿರಬೇಕು?

ಎಂಟು ಬಿಟ್ ಯಂತ್ರಗಳ ಹೋಲಿಕೆ ಸಾಮಾನ್ಯವಾಗಿ ಅಂಕಿಗಳಲ್ಲೇ ಮುಗಿದುಹೋಗುತ್ತದೆ. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಜಪಾನಿನಲ್ಲಿ 1983ರಲ್ಲಿ ಬಂತು; ಸೆಗಾದ ಮಾಸ್ಟರ್ ಸಿಸ್ಟಮ್ 1985ರಲ್ಲಿ, ಮಾರ್ಕ್ 3 ಎಂಬ ಹೆಸರಿನಲ್ಲಿ. ಮೊದಲನೆಯದರ ಕೆಲಸದ ಮೆಮೊರಿ 2 ಕಿಲೋಬೈಟ್, ಎರಡನೆಯದರದು 8. ಬಣ್ಣಗಳಲ್ಲೂ ಸೆಗಾದ್ದೇ ಮೇಲುಗೈ. ಆದರೆ ಯಂತ್ರದ ಬಲದಿಂದ ಆಟದ ಬೆಲೆ ಕಟ್ಟುವುದು, ಕಾಗದದ ಗುಣಮಟ್ಟ ನೋಡಿ ಕಾವ್ಯವನ್ನು ಅಳೆದಂತೆ.

ಹೋಲಿಸಬೇಕಾದದ್ದು ಆಟಗಳನ್ನು. ಫ್ಯಾಮಿಕಾಮ್‌ನ 'ಸೂಪರ್ ಮಾರಿಯೊ ಬ್ರದರ್ಸ್' (1985) ಮತ್ತು ಸೆಗಾದ 'ಅಲೆಕ್ಸ್ ಕಿಡ್ ಇನ್ ಮಿರಾಕಲ್ ವರ್ಲ್ಡ್' (1986) ಎರಡೂ ಓಡುವ, ಜಿಗಿಯುವ ಆಟಗಳೇ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ ಮಾರಿಯೊ, ಆಡುವವನಿಗೆ ಆಡುತ್ತಲೇ ಪಾಠ ಹೇಳುತ್ತದೆ. ಮೊದಲ ಹಂತದಲ್ಲಿ ಮೆಟ್ಟಿಲುಗಳ ಒಂದು ಜೋಡಿಯ ನಡುವೆ ನೆಲವಿದೆ. ಮುಂದಿನ ಜೋಡಿಯ ನಡುವೆ ಗುಂಡಿ. ಬಿದ್ದರೂ ಸಾಯದ ಜಾಗದಲ್ಲಿ ಕಲಿತ ಜಿಗಿತವನ್ನು, ಬಿದ್ದರೆ ಸಾಯುವ ಜಾಗದಲ್ಲಿ ಒಪ್ಪಿಸಬೇಕು. ಒಂದಕ್ಷರದ ವಿವರಣೆಯೂ ಬೇಕಿಲ್ಲ.

ಕೊಟಾರೊ ಹಯಾಶಿದಾ ಅವರ ಅಲೆಕ್ಸ್ ಕಿಡ್ ಕಣ್ಣಿಗೆ ಹೆಚ್ಚು ಚೆಂದ. ಆದರೆ ಅದರಲ್ಲಿ ಪ್ರಮುಖ ಎದುರಾಳಿಗಳನ್ನು ಗೆಲ್ಲಬೇಕಾದದ್ದು ಕಲ್ಲು-ಕಾಗದ-ಕತ್ತರಿ ಆಡಿ! ಸೋತರೆ ಒಂದು ಜೀವ ಹೋಯಿತು. ಎದುರಾಳಿಯ ಪಟ್ಟುಗಳು ಮೊದಲೇ ನಿಗದಿಯಾಗಿವೆ. ತಿಳಿದವನಿಗೆ ಸಲೀಸು, ತಿಳಿಯದವನಿಗೆ ಜೂಜು. ಅಲ್ಲಿಯವರೆಗೆ ಕಲಿತ ಓಟ, ಜಿಗಿತ ಯಾವುದೂ ನೆರವಿಗೆ ಬರುವುದಿಲ್ಲ.

ಮಾರಿಯೊದಲ್ಲೂ ಗುಟ್ಟುಗಳಿವೆ. ಎರಡನೇ ಹಂತದ ನೆಲಮಾಳಿಗೆಯಲ್ಲಿ ಚಾವಣಿಯ ಮೇಲೆ ಹತ್ತಿ ಕೊನೆಯವರೆಗೆ ಓಡಿದರೆ 2, 3, 4ನೇ ಲೋಕಗಳಿಗೆ ಒಯ್ಯುವ ಕೊಳವೆಗಳು ಸಿಗುತ್ತವೆ. ಅದು ಗೊತ್ತಿಲ್ಲದವನೂ ಆಟ ಮುಗಿಸಬಲ್ಲ. ಮಾರಿಯೊ ಗುಟ್ಟನ್ನು ದಾರಿಯ ಪಕ್ಕದಲ್ಲಿಟ್ಟಿದೆ, ಅಲೆಕ್ಸ್ ಕಿಡ್ ದಾರಿಗೇ ಅಡ್ಡ ಇಟ್ಟಿದೆ. ಒಂದರಲ್ಲಿ ಗುಟ್ಟು ಉಡುಗೊರೆ, ಇನ್ನೊಂದರಲ್ಲಿ ಸುಂಕ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನಮ್ಮ ಸೀಮೆಯಿಂದ ನೋಡಿದರೆ ತಿಳಿಯುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನನ್ನ ಓರಗೆಯವರು 'ಟಿವಿ ಗೇಮ್' ಎಂದು ಕರೆದದ್ದು ಫ್ಯಾಮಿಕಾಮ್‌ನ ಅಗ್ಗದ ನಕಲುಗಳನ್ನು. ಲಕ್ಷಗಟ್ಟಲೆ ಆಟಗಳಿವೆಯೆಂದು ಬರೆದ ಕ್ಯಾಸೆಟ್ಟಿನಲ್ಲಿ ಬೆರಳೆಣಿಕೆಯ ಆಟಗಳೇ ಮರಳಿ ಮರಳಿ ಬರುತ್ತಿದ್ದವು. ಕೈಪಿಡಿ ಇಲ್ಲ; ಎಷ್ಟೋ ಕ್ಯಾಸೆಟ್ಟುಗಳಲ್ಲಿ ತಯಾರಕರ ಹೆಸರೂ ಅಳಿಸಿಹೋಗಿತ್ತು. ಕರ್ತೃವಿಲ್ಲದ, ಟೀಕು-ಟಿಪ್ಪಣಿಯಿಲ್ಲದ ಪಠ್ಯ ಅದು. ಆ ಪರೀಕ್ಷೆಯಲ್ಲಿ ಮಾರಿಯೊ ಗೆದ್ದಿತು. ಕೊಳವೆಯ ಗುಟ್ಟು ಮಾತ್ರ ಕನ್ನಡ, ತೆಲುಗು ಬೆರೆತ ನಮ್ಮ ಬಾಯಿಮಾತಿನಲ್ಲಿ ಮನೆಯಿಂದ ಮನೆಗೆ ದಾಟಿತು.

ಮಾಲೂರು ತಾಲ್ಲೂಕಿನ ಮಾಸ್ತಿಯವರ ಕತೆಗಳನ್ನು ಓದುವಾಗ ಇದು ನನಗೆ ನೆನಪಾಗುತ್ತದೆ. ಮೊದಲ ಓದಿಗೇ ಅವು ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ; ಮತ್ತೆ ಬಂದವರಿಗೆ ಇನ್ನಷ್ಟು ಕೊಡುತ್ತವೆ. ಕಷ್ಟವಾಗಿರುವುದೇ ಆಳ ಎಂದು ನಂಬಿರುವ ನಮ್ಮ ಸಂಶೋಧನಾ ಬರಹ, ಸುಂಕದಕಟ್ಟೆಯನ್ನೇ ಗುಡಿಯೆಂದು ತಿಳಿದಿದೆಯೇ ಎಂದು ಕೇಳಿಕೊಳ್ಳಬೇಕು.