ತಕ್ಕಡಿಯಿಂದ ಕಂಪ್ಯೂಟರಿಗೆ ಮೂರು ತಂತಿ

ಹೈದರಾಬಾದಿನ ಮಾದಾಪುರ್ ಎಂದೊಡನೆ ಕಣ್ಣ ಮುಂದೆ ಬರುವುದು ಸೈಬರ್ ಟವರ್ಸ್ ಕಟ್ಟಡ. 1998ರ ನವೆಂಬರ್‌ನಲ್ಲಿ ಪ್ರಧಾನಿ ವಾಜಪೇಯಿ ಅದನ್ನು ಉದ್ಘಾಟಿಸಿದ ಮೇಲೆ ಈ ಬಂಡೆಗಲ್ಲುಗಳ ನೆಲ ಸಾಫ್ಟ್‌ವೇರ್‌ನವರ ಊರಾಯಿತು. ಅದಕ್ಕೂ ಮೊದಲೇ ಹೈದರಾಬಾದಿಗೆ ಇನ್ನೊಂದು ಕಸುಬು ಒಗ್ಗಿತ್ತು: ಔಷಧ ತಯಾರಿಕೆ. 1961ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಐಡಿಪಿಎಲ್ ಇಲ್ಲಿ ಕಾರ್ಖಾನೆ ನಡೆಸಿತು. ಅಲ್ಲಿ ದುಡಿದ ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಕಂಪನಿ ಕಟ್ಟಿದರು. ಈ ಎರಡೂ ಕಸುಬುಗಳು ಒಂದನ್ನೊಂದು ಸಂಧಿಸುವ ಅತಿ ಚಿಕ್ಕ ಜಾಗ, ಪ್ರಯೋಗಾಲಯದ ಸೂಕ್ಷ್ಮ ತಕ್ಕಡಿ, ಎಂದರೆ ಬ್ಯಾಲೆನ್ಸ್‌ನ ಹಿಂಬದಿಯಲ್ಲಿರುವ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್.

ತೂಗಿದ್ದು 0.1024 ಗ್ರಾಂ, ಪುಸ್ತಕದಲ್ಲಿ ಬರೆದದ್ದು 0.1042. ಅಂಕಿ ಎರಡು ಅದಲುಬದಲಾದರೆ ಸಾಕು, ತೂಕದಲ್ಲಿ ಸುಮಾರು ಶೇ 1.8ರ ತಪ್ಪು, ಆ ತೂಕವನ್ನು ನಂಬಿದ ಮುಂದಿನ ಲೆಕ್ಕವೆಲ್ಲ ಅದರ ಹಿಂದೆಯೇ ಕೆಡುತ್ತದೆ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 1997ರಲ್ಲಿ ಎಲೆಕ್ಟ್ರಾನಿಕ್ ದಾಖಲೆಗಳಿಗೆಂದೇ ‘ಪಾರ್ಟ್ 11’ ನಿಯಮ ತಂದಿತು. ಅಲ್ಲಿಗೆ ಔಷಧ ಕಳಿಸುವವರಿಗೆ, ಯಾವ ಅಂಕಿ ಯಾವಾಗ ಯಾರಿಂದ ಬಂತೆಂದು ತೋರಿಸುವುದು ತೂಕದಷ್ಟೇ ಮುಖ್ಯ.

ಕೈಬರಹದ ನಡುವಿಕೆಯಿಲ್ಲದೆ ತೂಕವನ್ನು ಸೀರಿಯಲ್ ಪೋರ್ಟಿನಿಂದ ನೇರ ಕಂಪ್ಯೂಟರಿಗೆ ಮುಟ್ಟಿಸಲು ಮೂರೇ ತಂತಿ ಸಾಕು. ಈ ಪೋರ್ಟಿನ ಆರ್‌ಎಸ್-232 ಎಂಬ ಮಾನದಂಡ ಬಂದದ್ದು 1960ರಲ್ಲಿ. ಕಂಪ್ಯೂಟರ್ ಕಡೆಯ ಒಂಬತ್ತು ಪಿನ್ನಿನಲ್ಲಿ 2ನೆಯದು ಕೇಳುತ್ತದೆ, 3ನೆಯದು ಹೇಳುತ್ತದೆ, 5ನೆಯದು ಗ್ರೌಂಡ್. ಧನ ವೋಲ್ಟೇಜು ಸೊನ್ನೆ, ಋಣ ವೋಲ್ಟೇಜು ಒಂದು. 9600 ಬಾಡ್ (ಇಲ್ಲಿ ಸೆಕೆಂಡಿಗೆ 9600 ಬಿಟ್) ವೇಗದಲ್ಲಿ, ಒಂದು ಅಕ್ಷರಕ್ಕೆ ಹತ್ತು ಬಿಟ್‌ನಂತೆ, ಸೆಕೆಂಡಿಗೆ 960 ಅಕ್ಷರ ಹರಿಯುತ್ತದೆ. ಒಂದು ತೂಕದ ಸಾಲಿಗೆ ಇಪ್ಪತ್ತು ಅಕ್ಷರವೂ ಬೇಕಿಲ್ಲ.

ತೊಡಕು ಶುರುವಾಗುವುದು ಎರಡೂ ಕಡೆಯ ಒಪ್ಪಂದ ತಪ್ಪಿದಾಗ. ಸಾರ್ಟೋರಿಯಸ್ ಕಂಪನಿಯ ಅನೇಕ ಹಳೆಯ ಬ್ಯಾಲೆನ್ಸ್‌ಗಳು 1200 ಬಾಡ್, 7 ಬಿಟ್, ಬೆಸ ಪ್ಯಾರಿಟಿಯಲ್ಲಿ (ತಪ್ಪು ಪತ್ತೆಗೆ ಸೇರಿಸುವ ಬಿಟ್) ಮಾತಾಡುತ್ತವೆ. ಕಂಪ್ಯೂಟರು 9600, 8 ಬಿಟ್ ಎಂದು ಕೂತಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಏನೂ ಬೀಳದಿದ್ದರೆ ಮೊದಲು ಶಂಕಿಸಬೇಕಾದದ್ದು ಕೇಬಲ್: ನೇರ ಕೇಬಲ್ ಬೇಕಾದಲ್ಲಿ 2 ಮತ್ತು 3 ಅದಲುಬದಲಾದ ನಲ್ ಮೋಡೆಮ್ ಕೇಬಲ್ ಸಿಕ್ಕಿಸಿರುತ್ತಾರೆ, ಅಥವಾ ಅದರ ತದ್ವಿರುದ್ಧ. ಇಂದಿನ ಬಹುತೇಕ ಲ್ಯಾಪ್‌ಟಾಪ್‌ಗಳಿಗೆ ಈ ಪೋರ್ಟ್ ಇಲ್ಲ. ಯುಎಸ್‌ಬಿ ಪರಿವರ್ತಕ ಬೇಕು. ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಯಲ್ಲೋ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಕೊಳ್ಳುವಾಗ, ಚಿಪ್‌ಗೆ ತಕ್ಕ ಡ್ರೈವರ್ ಬೇಕಾಗುವುದರಿಂದ, ಒಳಗಿನ ಚಿಪ್ ಯಾವುದೆಂದು ಕೇಳಿ ತರಬೇಕು.

ಈ ಜೋಡಣೆಯ ನಿಜವಾದ ಸೊಗಸಿರುವುದು ಬ್ಯಾಲೆನ್ಸ್‌ನಿಂದ ಬರುವ ಸಾಲಿನಲ್ಲಿ. ಮೆಟ್ಲರ್ ಟೊಲೆಡೊ ಕಂಪನಿಯ ಬ್ಯಾಲೆನ್ಸ್‌ಗೆ ‘ಎಸ್’ ಎಂಬ ಒಂದೇ ಅಕ್ಷರದ ಆದೇಶವನ್ನು ಸಾಲು ಮುಗಿದ ಗುರುತಿನೊಡನೆ ಕಳಿಸಿದರೆ, ತೂಕ ನಿಲ್ಲುವವರೆಗೆ ಕಾದು ಉತ್ತರಿಸುತ್ತದೆ. ‘ಎಸ್‌ಐ’ ಎಂದರೆ ಕಾಯದೆ ಆಗಿನ ಅಂಕಿಯನ್ನೇ ಕೊಡುತ್ತದೆ, ಆದರೆ ಅದು ಇನ್ನೂ ಓಲಾಡುತ್ತಿದ್ದರೆ ಎರಡನೆಯ ಅಕ್ಷರವಾಗಿ ‘ಡಿ’ ಇಟ್ಟು ಎಚ್ಚರಿಸುತ್ತದೆ. ಸಾರ್ಟೋರಿಯಸ್‌ನದು ಬೇರೆ ರೀತಿ: ತೂಕ ನಿಲ್ಲುವ ತನಕ ‘ಗ್ರಾಂ’ ಚಿಹ್ನೆಯನ್ನೇ ಬರೆಯುವುದಿಲ್ಲ. ಅಂಕಿಯನ್ನಷ್ಟೇ ಕತ್ತರಿಸಿಕೊಂಡು ಈ ಗುರುತನ್ನು ಬಿಸಾಡುವ ಪ್ರೋಗ್ರಾಮು ಅಪಾಯಕಾರಿ. ನಿಲ್ಲದ ತೂಕವೂ ನಿಂತ ತೂಕದ ವೇಷದಲ್ಲಿ ಎಕ್ಸೆಲ್ ಸೇರುತ್ತದೆ. ಬಂದ ಸಾಲನ್ನು ಇಡಿಯಾಗಿ, ಸಮಯದ ಜೊತೆ, ಮೊದಲು ಒಂದು ಕಡತಕ್ಕೆ ಬರೆದಿಟ್ಟು ಆಮೇಲೆ ಲೆಕ್ಕಕ್ಕೆ ಕೈಹಾಕುವುದೇ ಸರಿ.

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಪೈಥಾನ್ ಭಾಷೆಯ ಪೈಸೀರಿಯಲ್ ಉಚಿತ. ಹತ್ತಿಪ್ಪತ್ತು ಸಾಲಿನಲ್ಲಿ ವಿದ್ಯಾರ್ಥಿಯೇ ಬರೆಯಬಹುದು. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್ ತನ್ನ ‘ಫೀನಿಕ್ಸ್’ ಯೋಜನೆಯಲ್ಲಿ ಕಾಲೇಜುಗಳ ಭೌತವಿಜ್ಞಾನ ಪ್ರಯೋಗಗಳನ್ನು ಕಂಪ್ಯೂಟರಿಗೆ ಜೋಡಿಸಲು ಆರಿಸಿಕೊಂಡದ್ದೂ ಪೈಥಾನನ್ನೇ. ಔಷಧ ಕಂಪನಿಯಲ್ಲಾದರೆ ಇಂಥ ಪ್ರೋಗ್ರಾಮನ್ನು ವಿಧಿಪೂರ್ವಕ ಪರೀಕ್ಷಿಸಿ ದಾಖಲಿಸದೆ ಬಳಸುವಂತಿಲ್ಲ. ಕಾಲೇಜಿಗೆ ಆ ಕಟ್ಟುಪಾಡಿಲ್ಲ.

ಆದ್ದರಿಂದ ರಸಾಯನವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಹಳೆಯ ಬ್ಯಾಲೆನ್ಸ್ ಅಥವಾ ಪಿಎಚ್ ಮೀಟರನ್ನು ಗುಜರಿಗೆ ಹಾಕುವ ಮುನ್ನ ಅದರ ಹಿಂಬದಿ ನೋಡಿ. ಅಲ್ಲಿ ಒಂಬತ್ತೋ ಇಪ್ಪತ್ತೈದೋ ಪಿನ್ನಿನ ಪೋರ್ಟ್ ಇದ್ದರೆ ಕೈಪಿಡಿ ಹುಡುಕಿ ತೆಗೆದು, ಒಂದು ಕೇಬಲ್ ತರಿಸಿ ವಿದ್ಯಾರ್ಥಿಗಳ ಕೈಗೆ ಕೊಡಿ.