ಕಲಿಸಿದರು, ನಡುನೀರಿನಲ್ಲಿ ಕೈಬಿಟ್ಟರು

2001ರಲ್ಲಿ ತಾಲಿಬಾನ್‌ನ ಮೊದಲ ಆಡಳಿತ ಕುಸಿದಾಗ ಅಫ್ಘಾನಿಸ್ತಾನದಲ್ಲಿ ಪತ್ರಿಕಾ ರಂಗವೆಂದು ಕರೆಯಲು ಹೆಚ್ಚೇನೂ ಉಳಿದಿರಲಿಲ್ಲ. ಟಿ.ವಿ.ಗೆ ನಿಷೇಧವಿತ್ತು. ರೇಡಿಯೋ ಆಳುವವರ ಬಾಯಿಯಾಗಿತ್ತು. ಆಮೇಲೆ ವಿದೇಶಿ ನೆರವು ಹರಿದು ಬಂತು, ಜೊತೆಗೆ ತರಬೇತುದಾರರೂ ಬಂದರು. ಇಪ್ಪತ್ತು ವರ್ಷ ಕಾರ್ಯಾಗಾರಗಳು ನಡೆದವು, ಪ್ರಮಾಣಪತ್ರಗಳು ಹಂಚಿಕೆಯಾದವು.

ಇದೆಲ್ಲ ವ್ಯರ್ಥವೆಂದು ನಾವು ಹೇಳುವುದಿಲ್ಲ. ಸುದ್ದಿಯನ್ನು ಎರಡು ಕಡೆ ಖಚಿತಪಡಿಸಿಕೊಳ್ಳಬೇಕು, ವರದಿಯಲ್ಲಿ ಸ್ವಂತ ಅಭಿಪ್ರಾಯ ಬೆರೆಸಬಾರದು ಎಂಬ ಪಾಠಗಳು, ಒಂದು ವದಂತಿಗೆ ಊರೇ ಹೊತ್ತಿ ಉರಿಯಬಲ್ಲ ನಾಡಿನಲ್ಲಿ ಸಣ್ಣವಲ್ಲ. ವಿದೇಶಿ ನೆರವಿನಿಂದ 2004ರಲ್ಲಿ ಆರಂಭವಾದ ಪಝ್ವಾಕ್ ಸುದ್ದಿಸಂಸ್ಥೆಯನ್ನು ಅಫ್ಘನ್ನರೇ ವಹಿಸಿಕೊಂಡು ನಡೆಸಿದರು. ಪಶ್ತೋ, ದರಿ, ಇಂಗ್ಲಿಷ್‌ಗಳಲ್ಲಿ ಸುದ್ದಿ ಕೊಟ್ಟರು. ತರಬೇತಿ ನಿಜಕ್ಕೂ ಬೇರೂರಿದ್ದು ಇಂಥಲ್ಲಿ.

ನಮ್ಮ ಆಕ್ಷೇಪ ಬೇರೆ. ವೃತ್ತಿಪರತೆಯೆಂದರೆ ವರದಿಗಾರನ ಕೌಶಲ ಮಾತ್ರ ಎಂದು ಈ ತರಬೇತಿಗಳು ಭಾವಿಸಿದವು. ಸತ್ಯ ಬರೆದವನ ಬೆನ್ನಿಗೆ ನ್ಯಾಯಾಲಯ ನಿಲ್ಲದಿದ್ದರೆ ಕೌಶಲ ಏನು ಮಾಡೀತು? ಬಲ್ಖ್‌ನ ಪತ್ರಿಕೋದ್ಯಮ ವಿದ್ಯಾರ್ಥಿ ಪರ್ವೇಝ್ ಕಾಂಬಖ್ಶ್, ಮಹಿಳೆಯರ ಹಕ್ಕುಗಳ ಕುರಿತ ಬರಹವೊಂದನ್ನು ಹಂಚಿದನೆಂಬ ಆರೋಪಕ್ಕೆ 2008ರಲ್ಲಿ ಮರಣದಂಡನೆಗೆ ಗುರಿಯಾದ. ಆಗ ಆಳುತ್ತಿದ್ದದ್ದು ತಾಲಿಬಾನ್ ಅಲ್ಲ, ಜಗತ್ತಿನ ನೆರವಿನಿಂದ ನಿಂತ ಸರಕಾರ. ಅಭಿವ್ಯಕ್ತಿ ಸ್ವಾತಂತ್ರ್ಯ ಉಲ್ಲಂಘಿಸಲಾಗದ್ದೆಂದು 2004ರ ಸಂವಿಧಾನದ 34ನೇ ವಿಧಿ ಸಾರಿತ್ತು. ಶಿಕ್ಷೆ 20 ವರ್ಷಕ್ಕೆ ಇಳಿಯಿತು. 2009ರಲ್ಲಿ ಅಧ್ಯಕ್ಷರ ಕ್ಷಮಾದಾನ ದೊರೆತ ಮೇಲೆ ಅವನು ದೇಶವನ್ನೇ ಬಿಡಬೇಕಾಯಿತು.

ಇನ್ನೂ ಕಹಿಯಾದ ಸತ್ಯವೊಂದಿದೆ. 2007ರಲ್ಲಿ ಹೆಲ್ಮಂದ್‌ನಲ್ಲಿ ಇಟಲಿಯ ಪತ್ರಕರ್ತರೊಬ್ಬರು, ಅವರ ಅಫ್ಘನ್ ಸಹಾಯಕ ಅಜ್ಮಲ್ ನಕ್ಶ್‌ಬಂದಿ ಮತ್ತು ಚಾಲಕ ಅಪಹರಣಕ್ಕೊಳಗಾದರು. ಐವರು ತಾಲಿಬಾನ್ ಕೈದಿಗಳ ಬಿಡುಗಡೆಗೆ ಬದಲಾಗಿ ಇಟಲಿಯವರು ಮನೆ ಸೇರಿದರು. ಅಜ್ಮಲ್ ಮತ್ತು ಚಾಲಕ ಕೊಲೆಯಾದರು. 2009ರಲ್ಲಿ ಕುಂದುಝ್‌ನಲ್ಲಿ ಬ್ರಿಟಿಷ್ ಕಮಾಂಡೋಗಳು ನ್ಯೂಯಾರ್ಕ್ ಟೈಮ್ಸ್‌ನ ವಿದೇಶಿ ವರದಿಗಾರರನ್ನು ಬಿಡಿಸಿಕೊಂಡರು. ಅವರ ಸಹೋದ್ಯೋಗಿ ಸುಲ್ತಾನ್ ಮುನಾದಿ ಗುಂಡಿಗೆ ಬಲಿಯಾದರು. ಮಡಿದ ಯೋಧನ ದೇಹವನ್ನು ಸೇನೆ ಕೊಂಡೊಯ್ದಿತು, ಮುನಾದಿಯ ದೇಹ ಅಲ್ಲೇ ಉಳಿಯಿತು. ಪತ್ರಕರ್ತರೆಲ್ಲ ಸಮಾನರೆಂಬ ಪಾಠ ಯಾವ ಕಾರ್ಯಾಗಾರದಲ್ಲಿ ಸಿಕ್ಕೀತು?

2018ರ ಏಪ್ರಿಲ್ 30ರಂದು ಕಾಬೂಲ್‌ನಲ್ಲಿ ಬಾಂಬ್ ಸ್ಫೋಟದ ವರದಿಗೆ ಓಡಿಬಂದವರ ನಡುವೆ ಎರಡನೇ ಬಾಂಬ್ ಸಿಡಿದು ಒಂಬತ್ತು ಪತ್ರಕರ್ತರು ಸತ್ತರು. ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಿ ಬರೆಯಬೇಕೆಂಬುದೇ ಅವರು ಕಲಿತ ಪಾಠ.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮರಳಿತು. ಸ್ವಂತ ಜಾಹೀರಾತು ಮಾರುಕಟ್ಟೆಯಿಲ್ಲದೆ ವಿದೇಶಿ ನೆರವಿನ ಮೇಲೆ ನಿಂತಿದ್ದ ಮಾಧ್ಯಮಗಳು ಸಾಲುಸಾಲಾಗಿ ಮುಚ್ಚಿದವು. ಹಿಂದಿನ ವರ್ಷ ಕಾಬೂಲ್‌ನಲ್ಲಿ ಸುಮಾರು 700 ಮಹಿಳಾ ಪತ್ರಕರ್ತರಿದ್ದರು. ತಿಂಗಳು ಮುಗಿಯುವಷ್ಟರಲ್ಲಿ ಕೆಲಸದಲ್ಲಿ ಉಳಿದವರು ನೂರಕ್ಕೂ ಕಡಿಮೆಯೆಂದು ‘ಗಡಿಗಳಿಲ್ಲದ ವರದಿಗಾರರು’ ಸಂಸ್ಥೆ ಹೇಳಿತು. ಮಹಿಳೆಯರ ಪ್ರತಿಭಟನೆಯ ವರದಿಗೆ ಹೋದ ಇಬ್ಬರು ಯುವಕರನ್ನು ಸೆಪ್ಟೆಂಬರ್‌ನಲ್ಲಿ ಹಿಡಿದು, ಮೈಯೆಲ್ಲ ಬಾಸುಂಡೆ ಬರುವಂತೆ ಥಳಿಸಲಾಯಿತು. ಇವರಲ್ಲಿ ಯಾರಿಗೂ ವೃತ್ತಿಪರತೆಯ ಕೊರತೆಯಿರಲಿಲ್ಲ.

ದುರ್ಬಲ ದೇಶಗಳಲ್ಲಿ ತರಬೇತಿ ಬೇಡವೆನ್ನುವುದು ನಮ್ಮ ವಾದವಲ್ಲ. ಆದರೆ ಎಷ್ಟು ಜನ ಕಲಿತರೆಂಬ ಲೆಕ್ಕದ ಪಕ್ಕದಲ್ಲಿ ಬೇರೆ ಲೆಕ್ಕಗಳೂ ಇರಲಿ: ಬಂಧನವಾದಾಗ ವಕೀಲರು ಸಿಗುವರೇ, ಸಂಬಳ ನಿಲ್ಲದೆ ಬರುವುದೇ, ಜೀವಕ್ಕೆ ಕುತ್ತು ಬಂದಾಗ ಹೊರಬರಲು ದಾರಿಯಿದೆಯೇ? ಸತ್ಯ ಬರೆಯಲು ಕಲಿಸಿದವರಿಗೆ, ಬರೆದವನ ಜೊತೆ ನಿಲ್ಲುವ ಹೊಣೆಯೂ ಇದೆ.