ಕಬ್ಬಿಣದ ಭಿಕ್ಷೆ, ಇಲಾಖೆಯ ಸಂಭಾವನೆ

ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ಹಾಡಿಕೆ ಉಳಿದಿರುವುದು ಸರ್ಕಾರದ ಪ್ರಾಯೋಜನೆಯಿಂದ ಎಂಬ ಮಾತಿಗೆ ಸಲ್ಲದ ಮರ್ಯಾದೆ ಸಿಕ್ಕಿದೆ. ಮಾಸಾಶನದ ಬಗ್ಗೆ ನನಗೆ ತಕರಾರಿಲ್ಲ. ಮುಪ್ಪಿನಲ್ಲಿ ಕಲಾವಿದರ ಮನೆಯ ಒಲೆ ಉರಿಯಲೇಬೇಕು. ತಕರಾರಿರುವುದು ವೇದಿಕೆಯ ಮೇಲೆ ಹತ್ತಿಪ್ಪತ್ತು ನಿಮಿಷ ಹಾಡಿಸಿ, ತಂಡದ ತಲೆ ಎಣಿಸಿ ದುಡ್ಡು ಕೊಡುವ ಪದ್ಧತಿಯ ಬಗ್ಗೆ.

ಮಂಟೇಸ್ವಾಮಿ ಕಾವ್ಯದ ಹಲಗೂರಿನ ಭಾಗವನ್ನೇ ನೋಡಿ. ಹಲಗೂರು ಮಳವಳ್ಳಿ ತಾಲ್ಲೂಕಿನ ಹೋಬಳಿ. ಗುರು ಮಂಟೇಸ್ವಾಮಿಯ ಅಪ್ಪಣೆಯಂತೆ ಶಿಷ್ಯ ಸಿದ್ದಪ್ಪಾಜಿ ಅಲ್ಲಿನ ಕಮ್ಮಾರರಾದ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳುತ್ತಾನೆ. ಅವರು ಕೊಡುವುದಿಲ್ಲ, ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಕತೆಯ ಹುರುಳೆಲ್ಲ ಈ ಸತಾವಣೆಯಲ್ಲಿದೆ. ಬೆಳಗಾಗುವವರೆಗಿನ ಹಾಡಿಕೆಯಲ್ಲಿ ಮುಮ್ಮೇಳದವನು, ಎಂದರೆ ಮುಖ್ಯ ಹಾಡುಗಾರ, ತಂಬೂರಿ ಮೀಟಿ, ಗಗ್ಗರ ಅಲುಗಿಸಿ ಒಂದು ನುಡಿ ಎತ್ತುತ್ತಾನೆ. ಡಕ್ಕೆ, ತಾಳದವರು ಅದನ್ನು ಹಿಡಿದು ಮತ್ತೆ ಹಾಡುತ್ತಾರೆ. ಅಷ್ಟರಲ್ಲಿ ಅವನು ಮುಂದಿನ ನುಡಿ ಕಟ್ಟಿಕೊಂಡಿರುತ್ತಾನೆ. ಕೂತವರಿಗೆ ತೂಕಡಿಕೆ ಬಂತೆನ್ನಿ, ಹಾಡು ನಿಲ್ಲಿಸಿ ಮಾತಿಗಿಳಿಯುತ್ತಾನೆ, ಪಾಂಚಾಳರ ದರ್ಪವನ್ನು ಇದೇ ಸೀಮೆಯ ಆಡುಮಾತಿನಲ್ಲಿ ಬೆಳೆಸುತ್ತಾನೆ. ಎಷ್ಟು ಬೆಳೆಸಬೇಕೆಂದು ಹೇಳುವುದು ಎದುರಿಗೆ ಕೂತವರ ಮುಖ. ವೇದಿಕೆಯಲ್ಲಿ ಇದಕ್ಕೆ ಎಡೆಯೇ ಇಲ್ಲ. ಅಲ್ಲಿ ಸಿದ್ದಪ್ಪಾಜಿ ಕೇಳಿದ ಗಳಿಗೆಯಲ್ಲೇ ಕಬ್ಬಿಣ ಸಿಕ್ಕಿಬಿಡುತ್ತದೆ.

ಈ ಪದ್ಧತಿಯ ಪರ ವಾದಿಸುವವರಿಗೆ ಅರ್ಥಶಾಸ್ತ್ರಜ್ಞರಾದ ಬೌಮೊಲ್ ಮತ್ತು ಬೋವೆನ್ 1966ರಲ್ಲಿ ಬರೆದ ಪುಸ್ತಕ ಆಸರೆ. ಕಾರ್ಖಾನೆಯ ಕೆಲಸ ಚುರುಕಾದಂತೆ ಎಲ್ಲರ ಕೂಲಿ ಏರುತ್ತದೆ, ನಾಲ್ವರ ವಾದ್ಯಮೇಳಕ್ಕೆ ಮಾತ್ರ ಇಂದಿಗೂ ನಾಲ್ವರೇ ಬೇಕು, ಆದ್ದರಿಂದ ಕಲೆಗೆ ಹೊರಗಿನ ನೆರವು ಬೇಕು ಎಂಬುದು ವಾದ. ಸರಿಯೇ. ಆದರೆ ಅವರು ನೋಡಿದ್ದು ಅಮೆರಿಕದ ರಂಗಮಂದಿರಗಳನ್ನು. ಇಲ್ಲಿ ಹರಕೆ ಹೊತ್ತು ಮನೆಯಲ್ಲಿ ನೀಲಗಾರರಿಂದ ಕತೆ ಮಾಡಿಸುವವರು ಬಡವರು, ಪೋಷಕರೂ ಅವರೇ. ರಾಜಸ್ಥಾನದ ಉದಯಪುರದ ಕಡುಬಡ ಕುಟುಂಬಗಳು ವರ್ಷದ ಖರ್ಚಿನಲ್ಲಿ ಸುಮಾರು ಶೇ. 10ನ್ನು ಹಬ್ಬ, ಮದುವೆ, ತಿಥಿಗಳಿಗೆ ಹಾಕುತ್ತವೆಂದು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ 2007ರಲ್ಲಿ ಬರೆದರು. ಅನ್ನಕ್ಕೆ ಹಾಕದೆ ಹಬ್ಬಕ್ಕೇಕೆ ಎಂಬಲ್ಲೇ ಚರ್ಚೆ ನಿಂತಿತು. ಆ ದುಡ್ಡು ಯಾರ ಜೋಳಿಗೆಗೆ ಬಿತ್ತು, ಅದರಿಂದ ಯಾವ ಹಾಡು ಬೆಳೆಯಿತು ಎಂದು ಬಡತನದ ಅರ್ಥಶಾಸ್ತ್ರ ಕೇಳಲಿಲ್ಲ. ಜಾನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ದನಿ ಊರೂರು ಮುಟ್ಟಿದ್ದೂ ಇಂಥ ಕೇಳುಗರು ಧ್ವನಿಮುದ್ರಣಕ್ಕೆ ಕೈಯಿಂದ ಹಾಕಿದ ಕಾಸಿನಿಂದ.

ಸರ್ಕಾರದ ಸಂಸ್ಕೃತಿ ಇಲಾಖೆ ವೇದಿಕೆಯ ಹಾಡಿಕೆಗೆ ಕೊಡುವ ದುಡ್ಡನ್ನೇ ಕತೆ ಮಾಡಿಸುವ ಮನೆಗೆ ಕೊಡಲಿ. ತಂಡವನ್ನು ಆ ಮನೆಯವರೇ ಕರೆದು, ಬೆಳಗಾಗುವವರೆಗೆ ಹಾಡಿಸಿಕೊಳ್ಳಲಿ.